ಒಂದೇ ಕರಾವಳಿ, ಎರಡು ಕಲ್ಲುಹೂ, ಬೇರೆ ಬೇರೆ ಕಷ್ಟ

ಕೆನಡಾದ ಪೂರ್ವ ತುದಿಯಲ್ಲಿ ನೋವಾ ಸ್ಕೋಷಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿನ ಅಟ್ಲಾಂಟಿಕ್ ಕರಾವಳಿಯ ಒದ್ದೆ ಕಾಡುಗಳಲ್ಲಿ, ಮರದ ಕಾಂಡದ ಮೇಲೆ, ಎರಡು ಅಪರೂಪದ ಕಲ್ಲುಹೂಗಳು, ಅಂದರೆ ಲೈಕನ್‌ಗಳು, ಬೆಳೆಯುತ್ತವೆ. ಎರಡೂ ಎರಿಯೊಡರ್ಮಾ ಎಂಬ ಒಂದೇ ಕುಲದವು. ಎರಡರ ಮೈಮೇಲೂ ಸಣ್ಣ ಕೂದಲು. ಎರಡಕ್ಕೂ ಮಂಜು ಬೇಕು, ಶುದ್ಧ ಗಾಳಿ ಬೇಕು, ಹಳೆಯ ಮರ ಬೇಕು. ಅಲ್ಲಿ ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ. ಹಾಗಾದರೆ ಒಂದನ್ನು ಉಳಿಸಿದರೆ ಇನ್ನೊಂದೂ ತಾನಾಗಿ ಉಳಿಯುತ್ತದೆ, ಅಲ್ವಾ?

ಹಾಗಾಗುವುದಿಲ್ಲ. ಅವು ಸಂತಾನ ಬೆಳೆಸುವ ರೀತಿಯೇ ಬೇರೆ. ಆ ಒಂದು ವ್ಯತ್ಯಾಸದಿಂದ ಇವು ಅಪರೂಪವಾದ ಕಾರಣ ಬದಲಾಗುತ್ತದೆ. ಕಾಪಾಡುವ ದಾರಿಯೂ ಬದಲಾಗಬೇಕಾಗುತ್ತದೆ.

ಮೊದಲನೆಯದರ ಹೆಸರು ಎರಿಯೊಡರ್ಮಾ ಪೆಡಿಸೆಲ್ಲಾಟಮ್. ಇಂಗ್ಲಿಷಿನಲ್ಲಿ ಬೋರಿಯಲ್ ಫೆಲ್ಟ್ ಲೈಕನ್ ಅನ್ನುತ್ತಾರೆ. ಎರಡನೆಯದು ಎರಿಯೊಡರ್ಮಾ ಮೊಲ್ಲಿಸ್ಸಿಮಮ್. ಇಲಿಯಂಥ ಪುಟ್ಟ ಪ್ರಾಣಿ ವೋಲ್‌ನ ಹೆಸರಲ್ಲಿ ಇದನ್ನು ವೋಲ್ ಇಯರ್ಸ್ ಎಂದು ಕರೆಯುತ್ತಾರೆ. ಮುಂದೆ ಓದಲು ಸುಲಭವಾಗಲಿ ಅಂತ ಇವನ್ನು ಬೋರಿಯಲ್ ಫೆಲ್ಟ್, ವೋಲ್ ಇಯರ್ಸ್ ಎಂದೇ ಬರೆಯುತ್ತೇನೆ.

ನೀರು ಬೇಕೇ ಬೇಕಾದ ಕಲ್ಲುಹೂಗಳು

ಕಲ್ಲುಹೂವಿನಲ್ಲಿ ಕನಿಷ್ಠ ಎರಡು ಜೀವಿಗಳು ಸೇರಿ ಬಾಳುತ್ತವೆ. ಒಂದು ಶಿಲೀಂಧ್ರ. ಮೈ ಕಟ್ಟುವುದು ಅದರ ಕೆಲಸ. ಆದರೆ ಅದಕ್ಕೆ ಬೆಳಕಿನಿಂದ ಆಹಾರ ಮಾಡಿಕೊಳ್ಳಲು ಬರುವುದಿಲ್ಲ. ಆ ಕೆಲಸಕ್ಕೆ ಒಳಗೆ ಇನ್ನೊಂದು ಜೀವಿ ಇರುತ್ತದೆ. ಹೆಚ್ಚಿನ ಕಲ್ಲುಹೂಗಳಲ್ಲಿ ಅದು ಹಸಿರು ಪಾಚಿ. ಸುಮಾರು ಹತ್ತರಲ್ಲಿ ಒಂದು ಜಾತಿಯಲ್ಲಿ ಮಾತ್ರ ಪಾಚಿಯ ಬದಲು ಸೈನೋಬ್ಯಾಕ್ಟೀರಿಯಾ, ಅಂದರೆ ಬೆಳಕಿನಿಂದ ಆಹಾರ ಮಾಡಿಕೊಳ್ಳಬಲ್ಲ ಬ್ಯಾಕ್ಟೀರಿಯಾ, ಇರುತ್ತದೆ. ನಮ್ಮ ಎರಡು ಎರಿಯೊಡರ್ಮಾಗಳೂ ಈ ಚಿಕ್ಕ ಗುಂಪಿಗೆ ಸೇರಿದವು. ಇವುಗಳ ಒಳಗಿರುವ ಸೈನೋಬ್ಯಾಕ್ಟೀರಿಯಾವನ್ನು ಹಿಂದೆ ಸೈಟೊನೀಮಾ ಎಂದು ಗುರುತಿಸುತ್ತಿದ್ದರು. ಈಗ ಇಂಥ ಜೊತೆಗಾರರನ್ನು ರೈಜೊನೀಮಾ ಎಂಬ ಬೇರೆ ಕುಲದಲ್ಲಿ ಇಡುತ್ತಾರೆ.

ಜೊತೆಗಾರ ಯಾರು ಅನ್ನುವುದು ಸಣ್ಣ ವಿಷಯವಲ್ಲ. 1980ರ ದಶಕದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಒಟ್ಟೊ ಲಾಂಗೆ ಮತ್ತು ಅವರ ಜೊತೆಗಾರರು ಒಂದು ಮುಖ್ಯ ಸಂಗತಿ ತೋರಿಸಿಕೊಟ್ಟರು. ಹಸಿರು ಪಾಚಿ ಇರುವ ಒಣ ಕಲ್ಲುಹೂಗಳು ಗಾಳಿಯಲ್ಲಿನ ತೇವವನ್ನಷ್ಟೇ ಹೀರಿಕೊಂಡು ಮತ್ತೆ ಆಹಾರ ಮಾಡಲು ಶುರು ಮಾಡುತ್ತವೆ. ಸೈನೋಬ್ಯಾಕ್ಟೀರಿಯಾ ಇರುವವಕ್ಕೆ ಅಷ್ಟು ಸಾಲದು. ಅವಕ್ಕೆ ಹನಿಯಾಗಿರುವ ನೀರೇ ಬೇಕು. ಮಳೆಯಾದರೂ ಸರಿ, ಮಂಜಿನ ಹನಿಯಾದರೂ ಸರಿ.

ಎರಿಯೊಡರ್ಮಾಗಳು ಕರಾವಳಿ ಬಿಟ್ಟು ಒಳನಾಡಿಗೆ ಹೆಚ್ಚು ಹೋಗದಿರಲು ಇದೊಂದು ದೊಡ್ಡ ಕಾರಣ. ಉತ್ತರದಿಂದ ಬರುವ ಲ್ಯಾಬ್ರಡಾರ್ ಎಂಬ ತಣ್ಣನೆಯ ಕಡಲ ಪ್ರವಾಹದ ಮೇಲೆ, ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಕಡಲ ಪ್ರವಾಹದ ಕಡೆಯ ಗಾಳಿ ಹಾಯುತ್ತದೆ. ಆಗ ಏಳುವ ದಟ್ಟ ಮಂಜು ದಡದ ಕಾಡುಗಳಿಗೆ ನುಗ್ಗುತ್ತದೆ. ಮರದ ತೊಗಟೆಯ ಮೇಲೆ ಹನಿಯಾಗಿ ಕೂರುತ್ತದೆ. ನೋವಾ ಸ್ಕೋಷಿಯಾದಲ್ಲಿ ಬೋರಿಯಲ್ ಫೆಲ್ಟ್ ಹೆಚ್ಚಾಗಿ ಸಿಗುವುದು ಕಡಲಿನಿಂದ ಸುಮಾರು 30 ಕಿಲೋಮೀಟರ್ ಒಳಗೆ.

ಕಲ್ಲುಹೂಗಳಿಗೆ ಬೇರಿಲ್ಲ. ಎಲೆಗಿರುವಂಥ ಮೇಣದ ಪದರವೂ ಇಲ್ಲ. ಗಾಳಿ, ಮಂಜು, ಮಳೆ, ಮರದ ಮೇಲಿಂದ ಇಳಿಯುವ ನೀರು ಏನು ತಂದರೂ ಅದು ನೇರ ಮೈಗೆ ಇಳಿಯುತ್ತದೆ. ಬೇಡವಾದದ್ದನ್ನು ತಡೆಯುವ ದಾರಿ ಇಲ್ಲ. ಈ ಮಾತು ಆಮ್ಲಮಳೆಯ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಕಣ್ಣಿಗೆ ಕಾಣುವ ವ್ಯತ್ಯಾಸ

ಬೋರಿಯಲ್ ಫೆಲ್ಟ್ ಎಲೆಯ ಆಕಾರದ ಕಲ್ಲುಹೂ. ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್ ಅಗಲ. ಒಣಗಿದಾಗ ಬೂದು ಅಥವಾ ಕಂದು ಮಿಶ್ರಿತ ಬೂದು. ನೆನೆದಾಗ ನೀಲಿ ಛಾಯೆಯ ಬೂದು. ಅಂಚುಗಳು ಮೇಲಕ್ಕೆ ಮಡಚಿಕೊಂಡಿರುತ್ತವೆ. ಹಾಗಾಗಿ ಕೆಳಮೈಯ ಬಿಳಿ ಬಣ್ಣ ಸುತ್ತಲೂ ಗೆರೆಯಾಗಿ ಕಾಣುತ್ತದೆ. ಮೇಲ್ಮೈಯಲ್ಲಿ ಕೆಂಪು ಕಂದು ಬಣ್ಣದ ಪುಟ್ಟ ಬಿಲ್ಲೆಗಳಿರುತ್ತವೆ. ಶಿಲೀಂಧ್ರದ ಬೀಜಕಗಳು ತಯಾರಾಗುವುದು ಅಲ್ಲೇ.

ವೋಲ್ ಇಯರ್ಸ್ ಮೈಮೇಲೆ ನೆಟ್ಟಗೆ ನಿಂತ ಕೂದಲು ಜಾಸ್ತಿ. ಬಣ್ಣದಲ್ಲಿ ಹಸಿರು ಛಾಯೆ ಇರುತ್ತದೆ. ಕೆಂಪು ಕಂದು ಬಿಲ್ಲೆಗಳು ಇದರಲ್ಲಿ ಸಿಗುವುದೇ ಅಪರೂಪ. ಬದಲಿಗೆ ಅಂಚಿನಲ್ಲಿ, ಕೆಲವೊಮ್ಮೆ ಮೇಲ್ಮೈಯಲ್ಲೂ, ಸಣ್ಣ ಪುಡಿ ಕಾಣುತ್ತದೆ. ಲೆನ್ಸ್ ಹಿಡಿದು ನೋಡಿದರೆ ಅದು ಕಾಳು ಕಾಳಾಗಿ ಇರುವುದು ಗೊತ್ತಾಗುತ್ತದೆ. ಈ ಕಾಳುಗಳಿಗೆ ಸೊರೀಡಿಯಾ ಎಂದು ಹೆಸರು.

ಕಾಡಿನಲ್ಲಿ ಸರ್ವೆ ಮಾಡುವವರು ಈ ಎರಡನ್ನು ಬೇರ್ಪಡಿಸಲು ಮೊದಲು ನೋಡುವುದು ಇದನ್ನೇ. ಬಿಲ್ಲೆ ಇದೆಯಾ, ಪುಡಿ ಇದೆಯಾ? ಗುರುತಿಗಾಗಿ ಕೇಳುವ ಈ ಪ್ರಶ್ನೆಯಲ್ಲೇ ಎರಡರ ಬದುಕಿನ ಕಥೆಯೂ ಇದೆ.

ಒಂಟಿ ಬೀಜಕದ ಪ್ರಯಾಣ

ಬೋರಿಯಲ್ ಫೆಲ್ಟ್ ಬಿಲ್ಲೆಗಳಿಂದ ಹಾರುವುದು ಶಿಲೀಂಧ್ರದ ಬೀಜಕ ಮಾತ್ರ. ಅದರ ಜೊತೆ ಸೈನೋಬ್ಯಾಕ್ಟೀರಿಯಾ ಇರುವುದಿಲ್ಲ. ಬೀಜಕ ತುಂಬಾ ಹಗುರ, ಗಾಳಿಯಲ್ಲಿ ದೂರ ಹೋಗಬಲ್ಲದು. ಆದರೆ ಅದು ಇಳಿದ ಜಾಗದಲ್ಲಿ ತನಗೆ ಹೊಂದುವ ಸೈನೋಬ್ಯಾಕ್ಟೀರಿಯಾ ಮೊದಲೇ ಇರಬೇಕು. ಇಲ್ಲದಿದ್ದರೆ ಅದು ಮೊಳೆತರೂ ಕಲ್ಲುಹೂ ಆಗುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಈ ಇಬ್ಬರು ಹೊಸದಾಗಿ ಭೇಟಿಯಾಗಬೇಕು. ಅದೂ ಸರಿಯಾದ ಮರದ ಮೇಲೆ, ಸರಿಯಾದ ಒದ್ದೆಯಲ್ಲಿ, ಸರಿಯಾದ ಬೆಳಕಿನಲ್ಲಿ.

ಈ ಭೇಟಿ ಎಲ್ಲಿ ನಡೆಯುತ್ತದೆ ಎಂಬುದಕ್ಕೆ ಒಂದು ಸೊಗಸಾದ ವಿವರಣೆ ಇದೆ. ಬೋರಿಯಲ್ ಫೆಲ್ಟ್ ಬೆಳೆಯುವ ಬಾಲ್ಸಮ್ ಫರ್ ಮರಗಳ ತೊಗಟೆಯ ಮೇಲೆ ಫ್ರುಲೇನಿಯಾ ಎಂಬ ಕೆಂಪು ಕಂದು ಸಸ್ಯ ಹಬ್ಬಿರುತ್ತದೆ. ಅದು ಹಾವಸೆಗೆ ಹತ್ತಿರದ ಲಿವರ್‌ವರ್ಟ್ ಗುಂಪಿನದು. ಅದರ ಎಲೆಗಳ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚೀಲಗಳಿವೆ. ಅವು ನೀರು ಹಿಡಿದಿಡುತ್ತವೆ. ಸೈನೋಬ್ಯಾಕ್ಟೀರಿಯಾಕ್ಕೆ ಅದು ಒಳ್ಳೆಯ ನೆಲೆ. ಬೀಜಕ ಅಲ್ಲಿಗೆ ಬಂದು ಬಿದ್ದರೆ ಜೊತೆಗಾರ ಸಿಕ್ಕಹಾಗಾಯಿತು. ಸಂಶೋಧಕರು ಮುಂದಿಟ್ಟಿರುವ ಈ ಊಹೆ ಇನ್ನೂ ಪೂರ್ತಿ ಸಾಬೀತಾಗಿಲ್ಲ. ಆದರೆ ಎಳೆಯ ಬೋರಿಯಲ್ ಫೆಲ್ಟ್‌ಗಳು ಫ್ರುಲೇನಿಯಾ ಇರುವ ಕಡೆಯೇ ಕಾಣಿಸುವುದನ್ನು ನೋಡಿದರೆ, ಇದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು ಅನ್ನಿಸುತ್ತದೆ. ಇದು ನಿಜವಾದರೆ ಒಂದು ಕಲ್ಲುಹೂ ಹುಟ್ಟಲು ನಾಲ್ಕು ಜೀವಿಗಳು ಒಂದೇ ಜಾಗದಲ್ಲಿ ಕೂಡಬೇಕು: ಮರ, ಲಿವರ್‌ವರ್ಟ್, ಸೈನೋಬ್ಯಾಕ್ಟೀರಿಯಾ, ಶಿಲೀಂಧ್ರ.

ವೋಲ್ ಇಯರ್ಸ್‌ಗೆ ಈ ಪಾಡಿಲ್ಲ. ಅದರ ಪುಡಿಯ ಒಂದೊಂದು ಕಾಳಿನಲ್ಲೂ ಶಿಲೀಂಧ್ರದ ಎಳೆಗಳು ಸೈನೋಬ್ಯಾಕ್ಟೀರಿಯಾದ ಕೋಶಗಳನ್ನು ಸುತ್ತಿಕೊಂಡಿರುತ್ತವೆ. ಬುತ್ತಿ ಕಟ್ಟಿಕೊಂಡೇ ಮನೆ ಬಿಟ್ಟ ಹಾಗೆ. ಹೋದಲ್ಲಿ ಯಾರನ್ನೂ ಹುಡುಕಬೇಕಿಲ್ಲ. ಒದ್ದೆ ತೊಗಟೆ ಸಿಕ್ಕರೆ ಅಲ್ಲೇ ಬೆಳೆಯಬಹುದು.

ಆದರೆ ಈ ಅನುಕೂಲಕ್ಕೂ ಬೆಲೆ ಇದೆ. ಸೊರೀಡಿಯಾ ಬೀಜಕಕ್ಕಿಂತ ದೊಡ್ಡದು, ಭಾರ. ಹೆಚ್ಚಿನವು ತಾಯಿಯ ಹತ್ತಿರವೇ ಬೀಳುತ್ತವೆ. ಅದೇ ಮರದ ಮೇಲೆ ಅಥವಾ ಪಕ್ಕದ ಮರದ ಮೇಲೆ. ದೂರ ಹೋಗುವುದು ಅಪರೂಪ. ಜೊತೆಗೆ, ಹೀಗೆ ಹುಟ್ಟುವ ಮರಿಗಳು ತಾಯಿಯ ನಕಲುಗಳೇ. ಬೀಜಕಗಳಲ್ಲಿ ಆಗುವಂತೆ ಗುಣಗಳು ಬೆರೆಯುವುದಿಲ್ಲ. ಹವಾಮಾನ ಬದಲಾದಾಗ ಎಲ್ಲವೂ ಒಂದೇ ರೀತಿ ಸೋಲುವ ಅಪಾಯ ಇದರಲ್ಲಿದೆ.

ಹಾಗಾಗಿ ಒಂದು ಜಾತಿ ದೂರ ಹೋಗಬಲ್ಲದು, ಆದರೆ ನೆಲೆಸುವುದು ಕಷ್ಟ. ಇನ್ನೊಂದು ನೆಲೆಸಬಲ್ಲದು, ಆದರೆ ದೂರ ಹೋಗುವುದು ಕಷ್ಟ. ನನ್ನ ಪ್ರಕಾರ ಇವುಗಳ ಸಂರಕ್ಷಣೆಯ ಪ್ರತಿ ನಿರ್ಧಾರವೂ ಇಲ್ಲಿಂದಲೇ ಶುರುವಾಗಬೇಕು.

ಎರಡು ಸಲ ಹೆಸರು ಪಡೆದ ಜಾತಿ

ಬೋರಿಯಲ್ ಫೆಲ್ಟ್ ಚರಿತ್ರೆ ಕೇಳಬೇಕಾದದ್ದು. 1902ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಫಾರ್ಲೊ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಒಂದು ಮಾದರಿ ಸಂಗ್ರಹಿಸಿದರು. 1911ರಲ್ಲಿ ಫ್ರಾನ್ಸಿನ ಒಗಸ್ಟ್ ಹ್ಯೂ ಅದಕ್ಕೆ ಹೆಸರಿಟ್ಟರು. ಆಗ ಅದನ್ನು ಪನ್ನಾರಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದ್ದರು. ಆ ಮೇಲೆ ಅದನ್ನು ಹೆಚ್ಚು ಜನ ನೆನಪಿಟ್ಟುಕೊಳ್ಳಲಿಲ್ಲ.

ಅತ್ತ ಸ್ವೀಡನ್ನಿನ ವಾರ್ಮ್‌ಲಾಂಡ್ ಪ್ರದೇಶದಲ್ಲಿ ಸ್ಟೆನ್ ಆಲ್ನರ್ ಎಂಬ ವಿಜ್ಞಾನಿಗೆ ಸ್ಪ್ರೂಸ್ ಮರದ ಮೇಲೆ ಒಂದು ಎರಿಯೊಡರ್ಮಾ ಸಿಕ್ಕಿತು. ಇದೊಂದು ಬೆರಗಿನ ಸಂಗತಿಯೇ ಆಗಿತ್ತು. ಯಾಕೆಂದರೆ ಎರಿಯೊಡರ್ಮಾ ಕುಲದ ಹೆಚ್ಚಿನ ಜಾತಿಗಳು ಇರುವುದು ಉಷ್ಣವಲಯದಲ್ಲಿ. ಅದರಲ್ಲೂ ದಕ್ಷಿಣ ಅಮೆರಿಕದ ಮಂಜುಕವಿದ ಬೆಟ್ಟಗಳಲ್ಲಿ. ಅಂಥ ಕುಲದ ಒಂದು ಸದಸ್ಯ ಉತ್ತರದ ಚಳಿ ಕಾಡಿನಲ್ಲಿ! ಆಲ್ನರ್ 1948ರಲ್ಲಿ ಅದನ್ನು ಹೊಸ ಜಾತಿ ಎಂದು ವಿವರಿಸಿ ಎರಿಯೊಡರ್ಮಾ ಬೋರಿಯಾಲೆ ಎಂದು ಹೆಸರಿಟ್ಟರು. ಸ್ವೀಡನ್ನಿನ ಜಾತಿಯೂ ಕೆನಡಾದ ಹಳೆಯ ಮಾದರಿಯೂ ಒಂದೇ ಎಂದು 1972ರಲ್ಲಿ ತೋರಿಸಿದವರು ನಾರ್ವೆಯ ಪೆರ್ ಮಾಗ್ನುಸ್ ಯೋರ್ಗೆನ್ಸನ್.

ಈ ಹೊತ್ತಿಗೆ ಕೆಟ್ಟ ಸುದ್ದಿಗಳು ಬರತೊಡಗಿದ್ದವು. ಹಳೆಯ ಸ್ಪ್ರೂಸ್ ಕಾಡುಗಳನ್ನು ಕಡಿದಂತೆ ಸ್ವೀಡನ್ನಿನಲ್ಲಿ ಅದು ಇಲ್ಲವಾಯಿತು. ನಾರ್ವೆಯಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಉಳಿಯಿತು. ಮೊದಲು ಸಿಕ್ಕಿದ ನ್ಯೂ ಬ್ರನ್ಸ್‌ವಿಕ್‌ನಲ್ಲೂ ಈಗ ಅದಿಲ್ಲ.

ವೋಲ್ ಇಯರ್ಸ್ ಹರಡಿರುವ ರೀತಿ ಇದಕ್ಕೆ ಪೂರ್ತಿ ಬೇರೆ. ಅದನ್ನು ಮೊದಲು ವಿವರಿಸಿದವರು ಪೋರ್ಚುಗಲ್‌ನ ಸಸ್ಯವಿಜ್ಞಾನಿ ಗೊನ್ಸಾಲೊ ಸಂಪಾಯೊ. ಪಶ್ಚಿಮ ಯುರೋಪಿನ ಅಂಚು, ಅಟ್ಲಾಂಟಿಕ್‌ನ ದ್ವೀಪಗಳು, ಪೂರ್ವ ಆಫ್ರಿಕಾದ ಬೆಟ್ಟಗಳು, ಅಮೆರಿಕದ ಗ್ರೇಟ್ ಸ್ಮೋಕಿ ಪರ್ವತಗಳು, ಹೀಗೆ ದೂರ ದೂರದ ಜಾಗಗಳಲ್ಲಿ ಅದು ಚೂರು ಚೂರಾಗಿ ಇದೆ. ಇದು ಮೂಲತಃ ಬೆಚ್ಚನೆಯ, ಒದ್ದೆ ಹವೆಯ ಜಾತಿ. ಉತ್ತರ ಅಮೆರಿಕದಲ್ಲಿ ನೋವಾ ಸ್ಕೋಷಿಯಾ ಮತ್ತು ನ್ಯೂಫೌಂಡ್‌ಲ್ಯಾಂಡ್ ಅದರ ಉತ್ತರದ ಗಡಿ. ಕಡಲಿನ ಹತ್ತಿರ ಚಳಿಗಾಲ ಅಷ್ಟು ಕಠಿಣವಾಗಿರುವುದಿಲ್ಲ. ಆ ಕಾರಣಕ್ಕೇ ಅದು ಅಲ್ಲಿ ಬದುಕಿದೆ.

ಆಮ್ಲಮಳೆ ಯಾರಿಗೆ ಹೆಚ್ಚು ಹೊಡೆಯಿತು

2002ರಲ್ಲಿ ಕೋಸೆವಿಕ್ ನೋವಾ ಸ್ಕೋಷಿಯಾ ಮತ್ತು ನ್ಯೂ ಬ್ರನ್ಸ್‌ವಿಕ್ ಕಡೆಯ ಬೋರಿಯಲ್ ಫೆಲ್ಟ್ ಗುಂಪನ್ನು ಅಳಿವಿನಂಚಿನದು ಎಂದು ಘೋಷಿಸಿತು. ಕೋಸೆವಿಕ್ ಅಂದರೆ ಕೆನಡಾದಲ್ಲಿ ಅಪಾಯದಲ್ಲಿರುವ ಜೀವಿಗಳ ಸ್ಥಿತಿ ನಿರ್ಧರಿಸುವ ತಜ್ಞರ ಸಮಿತಿ. ಅದು ಕೊಟ್ಟ ಕಾರಣ ಓದಿದರೆ ಎದೆ ಝಲ್ಲೆನ್ನುತ್ತದೆ. ಎರಡು ದಶಕಗಳಲ್ಲಿ, ಗೊತ್ತಿದ್ದ ಬೋರಿಯಲ್ ಫೆಲ್ಟ್‌ಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಇಲ್ಲವಾಗಿದ್ದವು. ಮುಖ್ಯ ಆರೋಪಿ ಗಾಳಿಯ ಮಾಲಿನ್ಯ, ಅದರಲ್ಲೂ ಆಮ್ಲಮಳೆ.

ನೋವಾ ಸ್ಕೋಷಿಯಾದಲ್ಲಿ ದೊಡ್ಡ ಕೈಗಾರಿಕೆಗಳು ಕಮ್ಮಿ. ಆದರೆ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆ ಗಾಳಿಯ ಜೊತೆ ಇತ್ತಲೇ ಬರುತ್ತಿತ್ತು. ಹೊಗೆಯಲ್ಲಿನ ಗಂಧಕ ನೀರಿನಲ್ಲಿ ಬೆರೆತು ಆಮ್ಲವಾಗುತ್ತದೆ. ಮಳೆಗಿಂತ ಮಂಜಿನಲ್ಲಿ ಈ ಆಮ್ಲ ಹೆಚ್ಚು ಸಾಂದ್ರವಾಗಿರಬಲ್ಲದು. ಯಾವ ಮಂಜಿನಿಂದ ಎರಿಯೊಡರ್ಮಾ ಬದುಕುತ್ತದೋ ಅದೇ ಮಂಜು ವಿಷ ಹೊತ್ತು ತಂದಿತು. ಸೈನೋಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುತ್ತದೆ. ಆ ಕೆಲಸ ಆಮ್ಲದಲ್ಲಿ ಬೇಗ ಕೆಡುತ್ತದೆ.

ಇಲ್ಲೂ ಎರಡು ಜಾತಿಗಳ ಪಾಡು ಒಂದೇ ಅಲ್ಲ. ಬೋರಿಯಲ್ ಫೆಲ್ಟ್ ಅಲ್ಲಿ ಹೆಚ್ಚುಕಮ್ಮಿ ಪೂರ್ತಿಯಾಗಿ ನೆಚ್ಚಿಕೊಂಡಿರುವುದು ಬಾಲ್ಸಮ್ ಫರ್ ಮರವನ್ನು. ಫರ್ ತೊಗಟೆ ಸಹಜವಾಗಿಯೇ ಆಮ್ಲೀಯ. ಅದರ ಮೇಲೆ ಆಮ್ಲದ ಮಂಜು ಬಿದ್ದರೆ ಸಹಿಸುವ ಮಿತಿ ಬೇಗ ದಾಟುತ್ತದೆ. ವೋಲ್ ಇಯರ್ಸ್ ಫರ್ ಮೇಲೂ ಬೆಳೆಯುತ್ತದೆ, ಜೊತೆಗೆ ರೆಡ್ ಮೇಪಲ್, ಯೆಲ್ಲೊ ಬರ್ಚ್ ಮೇಲೂ ಬೆಳೆಯುತ್ತದೆ. ಮೇಪಲ್‌ನಂಥ ಅಗಲ ಎಲೆಯ ಮರಗಳ ತೊಗಟೆ ಅಷ್ಟು ಆಮ್ಲೀಯವಲ್ಲ. ಸ್ವಲ್ಪ ಆಮ್ಲವನ್ನು ಅದು ತಡೆದುಕೊಳ್ಳುತ್ತದೆ. ಹಾಗಂತ ವೋಲ್ ಇಯರ್ಸ್ ಸುರಕ್ಷಿತ ಅಂತಲ್ಲ. ಅದರ ಸಂಖ್ಯೆ ಮೊದಲಿನಿಂದಲೂ ತುಂಬಾ ಚಿಕ್ಕದು. 2009ರಲ್ಲಿ ಕೋಸೆವಿಕ್ ಅದನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

1990ರ ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿ ಮತ್ತು 1991ರ ಕೆನಡಾ–ಅಮೆರಿಕ ವಾಯುಗುಣಮಟ್ಟ ಒಪ್ಪಂದದ ನಂತರ ಗಂಧಕದ ಹೊಗೆ ಬಹಳ ಇಳಿದಿದೆ. ಇದು ನಿಜವಾದ ಗೆಲುವು. ಇದಿಲ್ಲದೆ ಕಾಡಿಗೆ ಎಷ್ಟು ಬೇಲಿ ಹಾಕಿದ್ದರೂ ಉಪಯೋಗವಿರಲಿಲ್ಲ. ಆದರೆ ಅಲ್ಲಿನ ಗ್ರಾನೈಟ್ ಮತ್ತು ಸ್ಲೇಟ್ ಕಲ್ಲಿನ ನೆಲದಲ್ಲಿ ಆಮ್ಲ ತಟಸ್ಥಗೊಳಿಸುವ ಸುಣ್ಣದ ಅಂಶ ಕಮ್ಮಿ. ಹಾಗಾಗಿ ಮಣ್ಣು, ಮರ ಚೇತರಿಸಿಕೊಳ್ಳುವುದು ತೀರಾ ನಿಧಾನ.

ದ್ವೀಪದಲ್ಲಿ ಮೂಸ್, ಕಾಡಿನಲ್ಲಿ ಗರಗಸ

ನೋವಾ ಸ್ಕೋಷಿಯಾದ ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಬೋರಿಯಲ್ ಫೆಲ್ಟ್ ಸ್ಥಿತಿ ಮೇಲು. ಅಲ್ಲಿ ಅದು ಸಾವಿರಾರು ಸಂಖ್ಯೆಯಲ್ಲಿದೆ. ಹಾಗಾಗಿ ಕೋಸೆವಿಕ್ ಆ ಗುಂಪನ್ನು ಅಳಿವಿನಂಚಿಗೆ ಸೇರಿಸದೆ, ಕಾಳಜಿ ವಹಿಸಬೇಕಾದದ್ದು ಎಂಬ ಹಗುರ ವರ್ಗದಲ್ಲಿ ಇಟ್ಟಿತು. ಅಲ್ಲಿನ ತೊಂದರೆ ಬೇರೆ ದಾರಿಯಲ್ಲಿ ಬಂದಿದೆ.

1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ನಾಲ್ಕು ಮೂಸ್‌ಗಳನ್ನು ನ್ಯೂಫೌಂಡ್‌ಲ್ಯಾಂಡಿಗೆ ತಂದು ಬಿಟ್ಟರು. ಮೂಸ್ ಅಂದರೆ ಜಿಂಕೆ ಕುಟುಂಬದಲ್ಲೇ ಅತಿ ದೊಡ್ಡ ಪ್ರಾಣಿ. ದ್ವೀಪದ ತೋಳಗಳು 20ನೇ ಶತಮಾನದ ಮೊದಲ ಭಾಗದಲ್ಲೇ ಅಳಿದುಹೋದವು. ಮೂಸ್ ಸಂಖ್ಯೆ ಲಕ್ಷದ ಲೆಕ್ಕಕ್ಕೆ ಏರಿತು. ಅವು ಚಳಿಗಾಲದಲ್ಲಿ ಇಷ್ಟಪಟ್ಟು ತಿನ್ನುವುದು ಎಳೆಯ ಬಾಲ್ಸಮ್ ಫರ್ ಗಿಡಗಳನ್ನು.

ಮೂಸ್ ಕಲ್ಲುಹೂವನ್ನು ಹುಡುಕಿ ತಿನ್ನುತ್ತದೆ ಎಂಬುದು ಇಲ್ಲಿನ ಚಿಂತೆಯಲ್ಲ. ನಾಳೆಯ ಮರವನ್ನು ಅದು ಇವತ್ತೇ ತಿನ್ನುತ್ತಿದೆ. ಈ ಕರಾವಳಿ ಕಾಡಿನಲ್ಲಿ ಫರ್ ಮರ ಬಹಳ ಕಾಲ ಬಾಳುವುದಿಲ್ಲ. ನೂರು ವರ್ಷ ದಾಟುವುದೇ ಕಮ್ಮಿ. ಕಲ್ಲುಹೂ ಹಿಡಿದ ಮರ ಬೀಳುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಫರ್ ದೊಡ್ಡದಾಗಿರಬೇಕು. ಅದರ ಮೇಲೆ ಫ್ರುಲೇನಿಯಾ ಹಬ್ಬಿರಬೇಕು. ಬೀಜಕ ಹೋಗಿ ಇಳಿದಿರಬೇಕು. ಎಳೆಯ ಗಿಡವೇ ಇಲ್ಲದಿದ್ದರೆ ಈ ಸರಣಿ ತುಂಡಾಗುತ್ತದೆ. ಇವತ್ತು ಕಾಡಿನಲ್ಲಿ ಬೋರಿಯಲ್ ಫೆಲ್ಟ್ ಎಣಿಸಿದರೆ ಎಲ್ಲ ಚೆನ್ನಾಗಿದೆ ಅನ್ನಿಸಬಹುದು. ಕೆಟ್ಟದ್ದು ಗೊತ್ತಾಗಲು ಹಲವು ದಶಕ ಬೇಕು. ಎಣಿಕೆಯನ್ನೇ ನಂಬಿ ಕೂರುವವರ ಬಗ್ಗೆ ನನಗೆ ಆತಂಕ ಇರುವುದು ಇದೇ ಕಾರಣಕ್ಕೆ.

ಮೇಪಲ್, ಬರ್ಚ್ ಮರಗಳನ್ನೂ ಬಳಸುವ ವೋಲ್ ಇಯರ್ಸ್‌ಗೆ ಹೀಗೆ ಒಂದೇ ಮರದ ಮೇಲಿನ ಅವಲಂಬನೆ ಇಲ್ಲ. ಆದರೆ ಅದಕ್ಕೆ ಒಂದೊಂದು ಮರವೂ ಅಮೂಲ್ಯ. ಕೆಲವು ಜಾಗಗಳಲ್ಲಿ ಇಡೀ ಗುಂಪು ಒಂದೆರಡು ಮರಗಳ ಮೇಲಷ್ಟೇ ಇರುತ್ತದೆ. 2003ರ ಜುವಾನ್, 2022ರ ಫಿಯೋನಾ ತರಹದ ಚಂಡಮಾರುತ ನೋವಾ ಸ್ಕೋಷಿಯಾಕ್ಕೆ ಅಪ್ಪಳಿಸಿದಾಗ ಕಾಡುಗಳಲ್ಲಿ ಮರಗಳು ರಾಶಿ ರಾಶಿ ಬಿದ್ದವು. ಅಂಥ ಒಂದು ರಾತ್ರಿ ಒಂದು ಗುಂಪನ್ನೇ ಮುಗಿಸಬಲ್ಲದು.

ಇನ್ನು ಯುರೋಪಿನಿಂದ ಬಂದ ಗೊಂಡೆಹುಳುಗಳ ಕಾಟವೂ ಇದೆ. ಚಿಪ್ಪಿಲ್ಲದ ಈ ಹುಳುಗಳು ಒದ್ದೆ ರಾತ್ರಿಯಲ್ಲಿ ಕಾಂಡ ಹತ್ತಿ ಕಲ್ಲುಹೂ ಮೇಯುತ್ತವೆ. ಎಳೆಯದನ್ನು ಪೂರ್ತಿ ತಿಂದುಬಿಡುತ್ತವೆ.

ಎಲ್ಲದರ ಮೇಲೆ ಮರ ಕಡಿತ. ಕಲ್ಲುಹೂ ಇರುವ ಮರವನ್ನೇ ಕಡಿಯಬೇಕಾಗಿಲ್ಲ. ಪಕ್ಕದ ಕಾಡನ್ನು ಬಯಲು ಮಾಡಿದರೂ ಸಾಕು. ಬಿಸಿಲು, ಗಾಳಿ ಒಳಗೆ ನುಗ್ಗುತ್ತವೆ. ತೊಗಟೆ ಬೇಗ ಒಣಗುತ್ತದೆ. ಹನಿ ನೀರಿಲ್ಲದೆ ಕೆಲಸ ಮಾಡದ ಕಲ್ಲುಹೂ ದಿನದಲ್ಲಿ ಆಹಾರ ಮಾಡಿಕೊಳ್ಳುವ ಹೊತ್ತು ಕಮ್ಮಿಯಾಗುತ್ತದೆ. ಅದು ಕೂಡಲೇ ಸಾಯುವುದಿಲ್ಲ. ಕೆಲವು ವರ್ಷ ಸೊರಗಿ ಉದುರುತ್ತದೆ. ಆಗ ಕಾರಣ ಯಾರಿಗೂ ಕಾಣುವುದಿಲ್ಲ.

ಅಲಾಸ್ಕಾದ ಅಚ್ಚರಿ

2003ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ತನ್ನ ಕೆಂಪು ಪಟ್ಟಿಗೆ ಮೊದಲ ಸಲ ಕಲ್ಲುಹೂಗಳನ್ನು ಸೇರಿಸಿತು. ಆ ಮೊದಲ ಎರಡರಲ್ಲಿ ಬೋರಿಯಲ್ ಫೆಲ್ಟ್ ಒಂದು. ವರ್ಗ: ತೀವ್ರ ಅಳಿವಿನಂಚು.

ಅದಾಗಿ ಕೆಲವೇ ವರ್ಷಗಳಲ್ಲಿ ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಅದು ಸಿಕ್ಕಿತು. 2009ರಲ್ಲಿ ಆ ಸುದ್ದಿ ಪ್ರಕಟವಾಯಿತು. ಅಲ್ಲಿ ಅದು ಸ್ಪ್ರೂಸ್ ಮರದ ರೆಂಬೆಗಳ ಮೇಲೆ ಬೆಳೆಯುತ್ತಿತ್ತು. ಒಂದೆರಡಲ್ಲ, ಕೋಟಿಗಳ ಲೆಕ್ಕದಲ್ಲಿ ಇರಬಹುದೆಂದು ಅಂದಾಜಾಯಿತು. ಆಮೇಲೆ ರಷ್ಯಾದ ಕಮ್ಚಾಟ್ಕಾದಲ್ಲೂ ಸಿಕ್ಕಿತು.

ಹಾಗಾದರೆ ನೋವಾ ಸ್ಕೋಷಿಯಾದ ಬೋರಿಯಲ್ ಫೆಲ್ಟ್ ಬಗ್ಗೆ ಇನ್ನು ಯಾಕೆ ತಲೆಕೆಡಿಸಿಕೊಳ್ಳಬೇಕು? ಈ ಪ್ರಶ್ನೆ ಮರ ಕಡಿಯುವವರಿಂದ ಬಂದೇ ಬರುತ್ತದೆ. ಪ್ರಶ್ನೆ ತಪ್ಪಲ್ಲ. ಉತ್ತರವನ್ನು ನೆಟ್ಟಗೆ ಕೊಡಬೇಕು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಕಡೆಯ ಬೋರಿಯಲ್ ಫೆಲ್ಟ್‌ಗಳ ಒಳಗಿನ ಸೈನೋಬ್ಯಾಕ್ಟೀರಿಯಾಗಳನ್ನು ಹೋಲಿಸಿತು. ಎರಡು ಕಡೆಯ ಜೊತೆಗಾರರ ವೈವಿಧ್ಯ ಬೇರೆ ಬೇರೆಯಾಗಿತ್ತು. ಮರ ಬೇರೆ, ಹವೆ ಬೇರೆ, ಜೊತೆಗಾರರ ಚಿತ್ರವೂ ಬೇರೆ. ಜಾತಿಯ ಹೆಸರು ಒಂದೇ ಆದ ಮಾತ್ರಕ್ಕೆ ಒಂದು ಕಡೆಯದು ಇನ್ನೊಂದು ಕಡೆಯ ನಷ್ಟ ತುಂಬಿಕೊಡುವುದಿಲ್ಲ. ಅಲಾಸ್ಕಾದ ಬೀಜಕ ಅಟ್ಲಾಂಟಿಕ್ ದಡದ ಫರ್ ಮೇಲೆ ಬಂದು ನೆಲೆಸುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ವೋಲ್ ಇಯರ್ಸ್ ವಿಷಯದಲ್ಲೂ ಇದೇ ಮಾತು ಕೇಳಿಬರುತ್ತದೆ: ಅದು ಬೇರೆ ಖಂಡಗಳಲ್ಲಿ ಇದೆಯಲ್ಲ! ಇದೆ, ಆದರೆ ಯಾವ ಕಡೆಯೂ ಹೇರಳವಾಗಿಲ್ಲ. ದೂರ ಹೋಗದ ಸೊರೀಡಿಯಾ ನಂಬಿದ ಜಾತಿ ಒಂದು ಕಡೆ ಅಳಿದರೆ, ಮತ್ತೆ ಅಲ್ಲಿಗೆ ಬರುವ ಸಾಧ್ಯತೆ ಇನ್ನೂ ಕಮ್ಮಿ.

ಮರದ ಸುತ್ತ ಎಷ್ಟು ಮೀಟರ್

ನೋವಾ ಸ್ಕೋಷಿಯಾದಲ್ಲಿ ಎರಡೂ ಜಾತಿಗಳಿಗೆ ಪ್ರಾಂತ್ಯದ ಕಾನೂನಿನ ರಕ್ಷಣೆ ಇದೆ, ಕೆನಡಾದ ಒಕ್ಕೂಟ ಕಾನೂನಿನ ರಕ್ಷಣೆಯೂ ಇದೆ. ಆದರೆ ನೆಲದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಒಂದು ಸರಳ ನಿಯಮ. ಕಲ್ಲುಹೂ ಸಿಕ್ಕ ಮರದ ಸುತ್ತ ಇಷ್ಟು ದೂರದವರೆಗೆ ಕಡಿಯಬಾರದು ಎಂಬುದು. ಸರ್ಕಾರಿ ಕಾಡಿನಲ್ಲಿ ಬೋರಿಯಲ್ ಫೆಲ್ಟ್‌ಗೆ ಈ ದೂರ 500 ಮೀಟರ್ ಇತ್ತು. ಅಷ್ಟು ಬೇಕಾ, 100 ಮೀಟರ್ ಸಾಕಾ ಎಂಬ ವಾದ ಅಲ್ಲಿ ಜೋರಾಗಿ ನಡೆದಿದೆ.

ಲೆಕ್ಕ ಹಾಕಿ ನೋಡಿ. 500 ಮೀಟರ್ ಅಂದರೆ ಸುಮಾರು 78 ಹೆಕ್ಟೇರ್ ಕಾಡು. 100 ಮೀಟರ್ ಅಂದರೆ ಬರೀ 3 ಹೆಕ್ಟೇರ್. ಐದು ಪಟ್ಟು ದೂರ ಇಳಿಸಿದರೆ ಕಾಡು ಇಪ್ಪತ್ತೈದು ಪಟ್ಟು ಕುಗ್ಗುತ್ತದೆ.

ಈ ವಾದದಲ್ಲಿ ಎರಡು ಜಾತಿಗಳನ್ನು ಒಂದೇ ಅಳತೆಗೆ ತರುವುದು ನನಗೆ ಸರಿ ಕಾಣುವುದಿಲ್ಲ. ವೋಲ್ ಇಯರ್ಸ್‌ಗೆ ಮುಖ್ಯವಾಗಿ ಬೇಕಾದದ್ದು ಇರುವ ಮರದ ಸುತ್ತ ಒದ್ದೆ, ನೆರಳು ಕೆಡದಿರುವುದು. ಜೊತೆಗೆ ಸೊರೀಡಿಯಾ ತಲುಪುವಷ್ಟು ಹತ್ತಿರದಲ್ಲಿ ಹಳೆಯ ಮರಗಳಿರುವುದು. ಅದಕ್ಕೆ ಚಿಕ್ಕ ವರ್ತುಲ ಸ್ವಲ್ಪ ಮಟ್ಟಿಗೆ ಸಾಕಾಗಬಹುದು, ಅದನ್ನು ಬಿಗಿಯಾಗಿ ಪಾಲಿಸಿದರೆ. ಬೋರಿಯಲ್ ಫೆಲ್ಟ್ ಕಥೆ ಹಾಗಲ್ಲ. ಅದರ ಮುಂದಿನ ತಲೆಮಾರು ಇರುವುದು ಈಗಿನ ಮರದ ಮೇಲಲ್ಲ, ಕಾಡಿನಲ್ಲಿ ಎಲ್ಲೋ ಇರುವ ಇನ್ನೊಂದು ಫರ್ ಮೇಲೆ. ಯಾವ ಮರದಲ್ಲಿ ಆ ಭೇಟಿ ನಡೆಯುತ್ತದೆ ಎಂದು ಯಾರಿಗೂ ಮೊದಲೇ ತಿಳಿಯದು. ಬೇರೆ ಬೇರೆ ವಯಸ್ಸಿನ ಫರ್ ಮರಗಳಿರುವ ದೊಡ್ಡ ಕಾಡು ಇದ್ದರೆ ಮಾತ್ರ ಅದರ ಸಾಧ್ಯತೆ ಉಳಿಯುತ್ತದೆ. 3 ಹೆಕ್ಟೇರ್ ಜಾಗದ ಫರ್‌ಗಳೆಲ್ಲ ಒಂದೇ ಗಾಳಿಗೆ ಉರುಳಬಹುದು.

ಇನ್ನೊಂದು ತೊಡಕು ಇದೆ. ಆ ಪ್ರಾಂತ್ಯದ ಭೂಮಿಯಲ್ಲಿ ದೊಡ್ಡ ಪಾಲು ಖಾಸಗಿ. ಸರ್ಕಾರಿ ಕಾಡಿನ ನಿಯಮ ಅಲ್ಲಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಒಕ್ಕೂಟ ಕಾನೂನಿನ ನಿಷೇಧಗಳೂ ಕಲ್ಲುಹೂಗಳ ವಿಷಯದಲ್ಲಿ ಸಾಮಾನ್ಯವಾಗಿ ಒಕ್ಕೂಟ ಸರ್ಕಾರದ ಜಮೀನಿಗಷ್ಟೇ ಸೀಮಿತ. ಹಾಗಾಗಿ ಅಲ್ಲಿ ಇವುಗಳ ರಕ್ಷಣೆ ಕಾಡಿನ ಮಾಲೀಕರ ಒಪ್ಪಿಗೆ, ಭೂಮಿ ಖರೀದಿ, ಸಂರಕ್ಷಣಾ ಒಪ್ಪಂದದ ಮೇಲೆ ತುಂಬಾ ನಿಂತಿದೆ.

ಹುಡುಕಿದರೆ ಸಿಗುತ್ತದೆ

ಕಂಡ ಮರಕ್ಕೆ ಮಾತ್ರ ನಿಯಮ ಕಾವಲಾಗಬಲ್ಲದು. ಹಾಗಾಗಿ ಹುಡುಕುವ ಕೆಲಸವೇ ಸಂರಕ್ಷಣೆಯ ಅರ್ಧ ಭಾಗ. ಈ ವಿಷಯದಲ್ಲಿ ನೋವಾ ಸ್ಕೋಷಿಯಾ ಒಂದು ಒಳ್ಳೆಯ ಮಾದರಿ ತೋರಿಸಿತು. 2008ರಲ್ಲಿ ರಾಬರ್ಟ್ ಕ್ಯಾಮರಾನ್ ಮತ್ತು ಟಾಮ್ ನೀಲಿ ಒಂದು ನಕ್ಷೆಯ ವಿಧಾನ ಪ್ರಕಟಿಸಿದರು. ಫರ್ ಮರಗಳಿರುವ ಕಾಡು, ಪಕ್ಕದಲ್ಲಿ ಸ್ಫ್ಯಾಗ್ನಮ್ ಹಾವಸೆಯ ಜವುಗು, ಕಡಲಿಗೆ ಹತ್ತಿರ. ಈ ಮಾಹಿತಿ ಸರ್ಕಾರದ ಅರಣ್ಯ ನಕ್ಷೆಗಳಲ್ಲೇ ಇತ್ತು. ಅದನ್ನು ಒಂದರ ಮೇಲೊಂದು ಇಟ್ಟು, ಬೋರಿಯಲ್ ಫೆಲ್ಟ್ ಇರಬಹುದಾದ ತುಣುಕುಗಳನ್ನು ಗುರುತಿಸಿದರು. ಹೋಗಿ ನೋಡಿದಾಗ ಹೊಸ ಜಾಗಗಳು ಸಿಗತೊಡಗಿದವು. ಅಳಿದೇಹೋಯಿತು ಅನ್ನಿಸಿದ್ದ ಜಾತಿಗೆ ಉಸಿರು ಬಂದಂತಾಯಿತು. ಆ ಹುಡುಕಾಟಗಳಲ್ಲಿ ಬೇರೆ ಅಪರೂಪದ ಕಲ್ಲುಹೂಗಳೂ ಬೆಳಕಿಗೆ ಬಂದವು. ನ್ಯೂಫೌಂಡ್‌ಲ್ಯಾಂಡಿನಲ್ಲೂ ಮೆಮೋರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥದೇ ನಕ್ಷೆ ಮಾಡಿದ್ದಾರೆ.

ಆದರೆ ಬೋರಿಯಲ್ ಫೆಲ್ಟ್‌ಗೆಂದು ಮಾಡಿದ ನಕ್ಷೆ ವೋಲ್ ಇಯರ್ಸ್‌ಗೆ ಅಷ್ಟು ಹೊಂದುವುದಿಲ್ಲ. ಮೇಪಲ್ ಇರುವ ಜವುಗು ಕಾಡನ್ನು ಅದು ಬಿಟ್ಟುಬಿಡಬಹುದು. ಅಲ್ಲಿ ಕಣ್ಣು ಪಳಗಿದವರು ಒಂದೊಂದೇ ಮರ ನೋಡಬೇಕು. ಬೇರೆ ದಾರಿ ಇಲ್ಲ.

ಬೇರೆ ಕಡೆಗೆ ಎತ್ತಿ ನೆಡಬಹುದಾ ಎಂದು ಕೆಲವರು ಕೇಳುತ್ತಾರೆ. ಇಲ್ಲಿ ವೋಲ್ ಇಯರ್ಸ್‌ಗೆ ಸ್ವಲ್ಪ ಆಸೆ ಇದೆ. ಸೊರೀಡಿಯಾವನ್ನೋ ಚಿಕ್ಕ ಚೂರನ್ನೋ ಹೊಸ ಮರದ ಮೇಲೆ ಕೂರಿಸುವುದು ಇತರ ಕಲ್ಲುಹೂಗಳಲ್ಲಿ ಪ್ರಯತ್ನಿಸಿರುವ ವಿಧಾನ. ಕಡಿತದ ದಾರಿಯಲ್ಲಿರುವ ಮರ ಬಿದ್ದೇ ಬೀಳುತ್ತದೆ ಎಂದಾದರೆ ಅದನ್ನು ಮಾಡಿ ನೋಡಬೇಕು. ಬೋರಿಯಲ್ ಫೆಲ್ಟ್‌ನ ಇಡೀ ಮೈಯನ್ನು ತೊಗಟೆ ಸಮೇತ ಸರಿಸಬಹುದು. ಅದು ಕೆಲಕಾಲ ಬದುಕಲೂಬಹುದು. ಆದರೆ ಹೊಸ ಜಾಗದಲ್ಲಿ ಅದರ ಬೀಜಕಕ್ಕೆ ಜೊತೆಗಾರ ಸಿಗದಿದ್ದರೆ ಅದು ಅಲ್ಲಿನ ಕೊನೆಯ ತಲೆಮಾರು. ಹಾಗಾಗಿ ಎತ್ತಿ ನೆಡುತ್ತೇವೆ ಎಂಬ ಭರವಸೆಯ ಮೇಲೆ ಬೋರಿಯಲ್ ಫೆಲ್ಟ್ ಕಾಡನ್ನು ಕಡಿಯಲು ಅನುಮತಿ ಕೊಡಬಾರದು. ಅದರ ಬದಲು ಕಡಿತದ ಯೋಜನೆ ಕಾಗದದ ಮೇಲಿರುವಾಗಲೇ ಫರ್ ತುಣುಕುಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಮೇಪಲ್ ಜವುಗುಗಳಿಗೆ ಜನ ಹೋಗಿ ಮರ ಮರ ನೋಡಬೇಕು. ಎರಡೂ ವರದಿ ಬಂದ ಮೇಲೆಯೇ ಮಂಜೂರಾತಿಯ ಮಾತು ಬರಬೇಕು.